ಹಳೆ ಅಡಿಕೆ ತೋಟದ ಮಣ್ಣಲ್ಲಿ ತಾಮ್ರ 61 ಪಿಪಿಎಂ: ಹೊಸ ಸಸಿ ಬೇರು ಬಿಡುತ್ತಿಲ್ಲ, ಇದು ತಾಮ್ರದ ನಂಜೋ ಹುಳಿಮಣ್ಣಿನ ಕಾಟವೋ?

ತೋಟದಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿರಸಿ ಸೀಮೆಯ ಕಣಿವೆ ತೋಟ, ಮರಗಳಿಗೆ ಐವತ್ತು ವರ್ಷ ದಾಟಿದೆ, ಕಾಳುಮೆಣಸು ಹಬ್ಬಿಸಿದೆ. ಕೊಳೆರೋಗಕ್ಕೆ (ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ಕಾಯಿಲೆ) ಪ್ರತಿ ಮಳೆಗಾಲ ಶೇ. 1ರ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಎರಡು ಸಲ, ಮಳೆ ಹಿಡಿದುಕೊಂಡರೆ ಮೂರನೆಯದೂ ಉಂಟು. ಮೆಣಸಿನ ಬುಡಕ್ಕೆ ಸೊರಗು ರೋಗಕ್ಕೆಂದು ಶೇ. 0.2ರ ಕಾಪರ್ ಆಕ್ಸಿಕ್ಲೋರೈಡ್, ಬಳ್ಳಿಗೆ 5 ಲೀಟರ್, ಮುಂಗಾರಿಗೆ ಮೊದಲೊಮ್ಮೆ, ಆಗಸ್ಟಿನಲ್ಲೊಮ್ಮೆ.

ಹಳೆ ಮರಗಳಲ್ಲಿ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಆದರೆ ಖಾಲಿ ಜಾಗಕ್ಕೆ ನೆಟ್ಟ ಅಡಿಕೆ ಸಸಿಗಳು ಎರಡನೇ ವರ್ಷಕ್ಕೂ ನೆಟ್ಟಷ್ಟೇ ಎತ್ತರದಲ್ಲಿ ನಿಂತಿವೆ. ಹೊಸ ಮೆಣಸಿನ ಬಳ್ಳಿಗಳ ಎಳೆ ಎಲೆಯಲ್ಲಿ ನರ ಹಸಿರಾಗಿಯೇ ಇದ್ದು ನಡುವಿನ ಭಾಗ ಹಳದಿಯಾಗುತ್ತಿದೆ. ಕಿತ್ತು ನೋಡಿದರೆ ಬೇರು ಗಿಡ್ಡ, ದಪ್ಪ, ಕಂದು. ಇನ್ನೊಂದು ವಿಷಯ, ಬುಡಕ್ಕೆ ಹಾಕಿದ ಸೊಪ್ಪು-ದರಕು (ಒಣ ಎಲೆ) ಮೊದಲಿನಂತೆ ಕೊಳೆಯುತ್ತಿಲ್ಲ, ಪದರ ಪದರವಾಗಿ ಹಾಗೇ ಕೂತಿದೆ.

ಮಣ್ಣು ಪರೀಕ್ಷೆ ಮಾಡಿಸಿದ್ದು ಹೀಗಿದೆ. ತಾಮ್ರ ಡಿಟಿಪಿಎ ವಿಧಾನದ್ದು (ಗಿಡಕ್ಕೆ ಸಿಗಬಹುದಾದ ಲೋಹವನ್ನು ರಾಸಾಯನಿಕದಿಂದ ಬಿಡಿಸಿ ಅಳೆಯುವ ಪರೀಕ್ಷೆ), ಪಿಪಿಎಂ ಅಂದರೆ ಕಿಲೋ ಮಣ್ಣಿಗೆ ಮಿಲಿಗ್ರಾಂ.

ಮೆಣಸಿನ ಬುಡ, 0–15 ಸೆಂ.ಮೀ.: ಪಿಎಚ್ 4.8, ತಾಮ್ರ 61 ಪಿಪಿಎಂ
ನಾಲ್ಕು ಮರಗಳ ನಡುವೆ, 0–15 ಸೆಂ.ಮೀ.: ಪಿಎಚ್ 5.0, ತಾಮ್ರ 27 ಪಿಪಿಎಂ
ಅದೇ ಜಾಗ, 15–30 ಸೆಂ.ಮೀ.: ಪಿಎಚ್ 5.0, ತಾಮ್ರ 6 ಪಿಪಿಎಂ
ಮೇಲಿನ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), 0–15 ಸೆಂ.ಮೀ.: ಪಿಎಚ್ 4.9, ತಾಮ್ರ 2 ಪಿಪಿಎಂ

ಸಾವಯವ ಇಂಗಾಲ ತೋಟದಲ್ಲಿ ಶೇ. 1.9. ಕಬ್ಬಿಣ ಧಾರಾಳ ಇದೆ, ಸತು 0.8. ವರದಿಯಲ್ಲಿ ತಾಮ್ರದ ಎದುರಿಗೆ ‘ಸಾಕಷ್ಟಿದೆ’ ಎಂದಷ್ಟೇ ಬರೆದಿದೆ. ಕೇಳಿದವರಲ್ಲಿ ಕೆಲವರು ತಾಮ್ರದ ನಂಜು ಅನ್ನುತ್ತಾರೆ, ಕೆಲವರು ಹುಳಿಮಣ್ಣು, ಸುಣ್ಣ ಹಾಕಿ ಸಾಕು ಅನ್ನುತ್ತಾರೆ. ಎರಡನ್ನೂ ಬೇರೆ ಮಾಡಿ ತಿಳಿಯುವುದು ಹೇಗೆ? ತಾಮ್ರವೇ ಆದರೆ ಏನು ಮಾಡಬೇಕು? ಬೋರ್ಡೋ ಬಿಟ್ಟರೆ ಬೆಳೆಯೇ ಕೈಗೆ ಬರುವುದಿಲ್ಲ.

---

ಕೆಮ್ಮಣ್ಣು

‘ಸಾಕಷ್ಟಿದೆ’ ಅನ್ನುವ ಪದವನ್ನು ಮೊದಲು ಪಕ್ಕಕ್ಕಿಡಿ. ಡಿಟಿಪಿಎ ಪರೀಕ್ಷೆ ಹುಟ್ಟಿದ್ದೇ ಕೊರತೆ ಹುಡುಕುವುದಕ್ಕೆ. ತಾಮ್ರ 0.2 ಪಿಪಿಎಂಗಿಂತ ಕೆಳಗಿದ್ದರೆ ಕೊರತೆ, ಮೇಲಿದ್ದರೆ ಸಾಕಷ್ಟು, ಅಷ್ಟೇ ಅದರ ಲೆಕ್ಕ. 0.5 ಇದ್ದರೂ ಸಾಕಷ್ಟು, 61 ಇದ್ದರೂ ಸಾಕಷ್ಟು. ಹೆಚ್ಚಾಗಿದೆ ಎಂದು ಹೇಳುವ ಕಾಲಂ ನಮ್ಮ ಹೆಚ್ಚಿನ ವರದಿಗಳಲ್ಲಿ ಇಲ್ಲವೇ ಇಲ್ಲ. ನಿಮ್ಮ ನಾಲ್ಕು ಸಾಲುಗಳಲ್ಲಿ ಬೆಲೆಯುಳ್ಳದ್ದು ಬೆಟ್ಟದ ಮಣ್ಣಿನ ಸಾಲು. ಅದೇ ಕಲ್ಲಿನಿಂದ ಹುಟ್ಟಿದ ಮಣ್ಣು, ಅದೇ ಹುಳಿ, ತಾಮ್ರ ಮಾತ್ರ 2. ಅಂದರೆ ತೋಟದ ತಾಮ್ರ ಮಣ್ಣಿನದ್ದಲ್ಲ, ಔಷಧಿ ಡ್ರಮ್ಮಿನದ್ದು.

ಲೆಕ್ಕ ಹಾಕಿ ನೋಡಿ. ಮೈಲುತುತ್ತದಲ್ಲಿ (ಕಾಪರ್ ಸಲ್ಫೇಟ್) ನಾಲ್ಕನೇ ಒಂದು ಪಾಲಿಗಿಂತ ಚೂರು ಹೆಚ್ಚು, ಶೇ. 25.4, ತಾಮ್ರ. ಶೇ. 1ರ ಬೋರ್ಡೋ ಅಂದರೆ 100 ಲೀಟರಿಗೆ 1 ಕಿಲೋ ತುತ್ತ, ಅದರಲ್ಲಿ ತಾಮ್ರ 254 ಗ್ರಾಂ. ಎಕರೆಗೆ ಒಂದು ಸಲಕ್ಕೆ 600 ಲೀಟರ್ ಹಿಡಿದರೆ ಒಂದೂವರೆ ಕಿಲೋ ತಾಮ್ರ, ಎರಡು ಸಲಕ್ಕೆ 3 ಕಿಲೋ. ಕೊನೆಗೆ, ಅಂದರೆ ಅಡಿಕೆ ಗೊನೆಗೆ, ಹೊಡೆದದ್ದು ಮಳೆಗೆ ತೊಳೆದು ಕಾಂಡದ ಗುಂಟ ಇಳಿದು ಬರುವುದು ಬುಡಕ್ಕೇ. ಎಕರೆಯ ಮೇಲ್ಪದರದ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 8 ಲಕ್ಷ ಕಿಲೋ. ಹಾಗಾದರೆ ವರ್ಷಕ್ಕೆ ಪ್ರತಿ ಕಿಲೋ ಮಣ್ಣಿಗೆ 4 ಮಿಲಿಗ್ರಾಂ ಹತ್ತಿರ ಸೇರುತ್ತದೆ, 30 ವರ್ಷಕ್ಕೆ 110ಕ್ಕೂ ಮಿಕ್ಕಿ. ತಾಮ್ರ ಸಾವಯವ ಪದಾರ್ಥಕ್ಕೆ ಬಲವಾಗಿ ಅಂಟಿಕೊಳ್ಳುವ ಲೋಹ, ಸಾರಜನಕದ ಹಾಗೆ ಬಸಿದು ಹೋಗುವುದಿಲ್ಲ. ನಿಮ್ಮ ವರದಿಯಲ್ಲಿ ಮೇಲೆ 27, ಕೆಳಗೆ 6 ಇರುವುದು ಅದಕ್ಕೇ.

ಇನ್ನು ಮೆಣಸಿನ ಬುಡದ 61. ಕಾಪರ್ ಆಕ್ಸಿಕ್ಲೋರೈಡ್ ಪುಡಿಯಲ್ಲಿ ಅರ್ಧ ತಾಮ್ರ. ಲೀಟರಿಗೆ 2 ಗ್ರಾಂ ಪುಡಿ, 5 ಲೀಟರಿಗೆ 10 ಗ್ರಾಂ, ಅದರಲ್ಲಿ ತಾಮ್ರ 5 ಗ್ರಾಂ. ಸುರಿಯುವುದು ಬುಡದ ಸುತ್ತ ಅರ್ಧ ಮೀಟರ್ ಒಳಗೆ. ಆ ವೃತ್ತದ 15 ಸೆಂ.ಮೀ. ಆಳದ ಮಣ್ಣು 150 ಕಿಲೋ ಚಿಲ್ಲರೆ. ಒಂದು ಸಲ ಸುರಿದರೆ ಕಿಲೋ ಮಣ್ಣಿಗೆ 33 ಮಿಲಿಗ್ರಾಂ ತಾಮ್ರ! ಬೋರ್ಡೋದಿಂದ ಎಂಟು ವರ್ಷಕ್ಕೆ ಬರುವಷ್ಟು ಇಲ್ಲಿ ಒಂದೇ ಬೆಳಗಿನಲ್ಲಿ ಬಂತು. ಎಲ್ಲರೂ ಮೇಲೆ ಹೊಡೆಯುವ ಔಷಧಿಯನ್ನೇ ದೂರುತ್ತಾರೆ, ಬುಡಕ್ಕೆ ಸುರಿಯುವುದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹೋಲಿಕೆಗೆ ಒಂದು ಮಾತು. 2019ರಿಂದ ಐರೋಪ್ಯ ಒಕ್ಕೂಟದಲ್ಲಿ ಬೆಳೆಗೆ ಹೊಡೆಯುವ ತಾಮ್ರಕ್ಕೆ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ಮಿತಿ ಇದೆ, ಸರಾಸರಿ ವರ್ಷಕ್ಕೆ 4 ಕಿಲೋ. ಮೇಲಿನ ಲೆಕ್ಕದಲ್ಲಿ ನಮ್ಮದು ಹೆಕ್ಟೇರಿಗೆ ಏಳೂವರೆ. ಬೋರ್ಡೋ ಹುಟ್ಟಿದ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಇದೇ ಕಥೆ ಆಗಿ ಹೋಗಿದೆ. ಅಮೆರಿಕದ ಫ್ಲೋರಿಡಾದ ಕಿತ್ತಳೆ ತೋಟಗಳಲ್ಲೂ 1950ರ ದಶಕದಲ್ಲಿ ತಾಮ್ರ ಕೂಡಿಕೂಡಿ ಬೇರು ಮೊಂಡಾಗಿ ಎಲೆ ಹಳದಿಯಾಗಿತ್ತು.

ಆದರೂ ಬರೀ ಅಂಕಿ ನೋಡಿ ತಾಮ್ರದ ನಂಜು ಎಂದು ತೀರ್ಪು ಕೊಡಬೇಡಿ. ಪಿಎಚ್ 4.8ರಲ್ಲಿ ಅಲ್ಯೂಮಿನಿಯಂ ಕೂಡ ಕರಗಿ ಬರುತ್ತದೆ, ಅದೂ ಬೇರಿನ ತುದಿಯನ್ನೇ ಹೊಡೆಯುತ್ತದೆ. ಬೇರನ್ನೇ ನೋಡಬೇಕು.

---

ಬೇರುಬಿಳಲು

ಬೇರು ನೋಡುವ ಕ್ರಮದಲ್ಲೇ ಅರ್ಧ ತಪ್ಪುತ್ತದೆ. ಗಿಡ ಹಿಡಿದು ಎಳೆದರೆ ನಮಗೆ ಬೇಕಾದ ತುದಿಗಳೆಲ್ಲ ಮಣ್ಣಲ್ಲೇ ಕಡಿದು ಉಳಿಯುತ್ತವೆ. ಬುಡದಿಂದ 30–45 ಸೆಂ.ಮೀ. ದೂರದಲ್ಲಿ ಒಂದು ಗೇಣು ಉದ್ದ, ಒಂದು ಗೇಣು ಅಗಲ, 15 ಸೆಂ.ಮೀ. ಆಳದ ಮಣ್ಣಿನ ಹೆಂಟೆಯನ್ನು ಸಲಿಕೆಯಿಂದ ಇಡಿಯಾಗಿ ಎತ್ತಿ. ಬಕೆಟ್ಟಿನ ನೀರಿನಲ್ಲಿ ಅರ್ಧ ಗಂಟೆ ನೆನೆಯಲಿ. ಕೈಯಾಡಿಸದೆ ಮೆಲ್ಲಗೆ ಅಲುಗಿಸಿ ಮಣ್ಣು ಬಿಡಿಸಿ, ಬೇರನ್ನು ಬಿಳಿ ತಟ್ಟೆಯ ನೀರಿನಲ್ಲಿ ತೇಲಿಬಿಟ್ಟು 10 ಪಟ್ಟಿನ ಭೂತಗನ್ನಡಿಯಲ್ಲಿ ತುದಿಯ ಎರಡು ಸೆಂ.ಮೀ. ನೋಡಿ.

ಆರೋಗ್ಯದ ಎಳೆ ಬೇರಿನ ತುದಿ ಬಿಳಿ ಅಥವಾ ತಿಳಿ ಕೆನೆ ಬಣ್ಣ, ಸಪೂರ. ತುದಿಯಿಂದ ಸ್ವಲ್ಪ ದೂರ ನುಣುಪಾಗಿರುತ್ತದೆ, ಕವಲು ಹೊರಡುವುದು ಹಿಂದೆ.

ತಾಮ್ರ ಹೆಚ್ಚಾದಲ್ಲಿ ತುದಿ ಗಾಢ ಕಂದು ಅಥವಾ ಕಪ್ಪು. ಉದ್ದ ಬೆಳೆಯುವುದು ನಿಂತು, ತುದಿಯ ತೀರಾ ಹತ್ತಿರದಿಂದಲೇ ಮೋಟು ಕವಲುಗಳು ಒತ್ತೊತ್ತಾಗಿ ಹೊರಟಿರುತ್ತವೆ. ಅವೂ ಕೆಲವು ಮಿಲಿಮೀಟರಿಗೇ ನಿಂತು ಕಪ್ಪಾಗಿ ಇಡೀ ಬೇರು ಮುಳ್ಳುತಂತಿಯ ತುಂಡಿನಂತೆ ಕಾಣುತ್ತದೆ. ಬೇರುಗೂದಲು ಇರುವುದೇ ಇಲ್ಲ.

ಅಲ್ಯೂಮಿನಿಯಂನಲ್ಲಿ ತುದಿ ಊದಿಕೊಂಡು ಮೊಂಡು, ಮುಟ್ಟಿದರೆ ಪಟಕ್ಕನೆ ಮುರಿಯುತ್ತದೆ, ತೊಗಟೆಯಲ್ಲಿ ಅಡ್ಡ ಬಿರುಕು. ಸಣ್ಣ ಕವಲು ಕಡಿಮೆ. ಆದರೆ ಈ ಎರಡನ್ನು ಕಣ್ಣಿನಲ್ಲೇ ಖಚಿತವಾಗಿ ಬೇರೆ ಮಾಡುವುದು ಕಷ್ಟ, ಅನುಭವಿಗಳಿಗೂ ಕಷ್ಟ.

ಅದಕ್ಕೂ ಮೊದಲು ಉಳಿದವನ್ನು ಕಳೆಯಿರಿ. ಬೇರಿನಲ್ಲಿ ಗಂಟುಗಂಟು ಇದ್ದರೆ, ಅಥವಾ ಉದ್ದಕ್ಕೆ ಕಿತ್ತಳೆ-ಕಂದು ಗಾಯಗಳಿದ್ದರೆ ಜಂತುಹುಳು. ಹೊರತೊಗಟೆ ಕೊಳೆತು ಬೆರಳಿಗೆ ಜಾರಿ ಬಂದು ಒಳಗಿನ ನಾರು ಮಾತ್ರ ಉಳಿದರೆ ಫೈಟಾಫ್ತೊರಾ (ಸೊರಗು ರೋಗದ ರೋಗಾಣು) ಕೊಳೆ. ಬೇರು ಕಚ್ಚಿ ತಿಂದಂತೆ ತುಂಡಾಗಿದ್ದರೆ ಬೇರುಹುಳು, ಮಣ್ಣು ಅಗೆದರೆ ಅದೇ ಸಿಗುತ್ತದೆ. ಕಪ್ಪಾಗಿ ಕೆಟ್ಟ ನಾತ ಬಂದರೆ ಬಸಿಗಾಲುವೆ ಮುಚ್ಚಿಹೋಗಿ ನೀರು ನಿಂತಿದೆ. ಇವು ಯಾವುವೂ ಇಲ್ಲದೆ ಬೇರು ಗಟ್ಟಿಯಾಗಿಯೇ ಇದ್ದು ಬರೀ ಗಿಡ್ಡವಾಗಿದ್ದರೆ ಆಮೇಲೆ ಲೋಹದ ಮಾತು.

ತಾಮ್ರ ಬೇರಿಗೆ ಏನು ಮಾಡುತ್ತದೆ ಅಂದರೆ, ಬೇರು ಉದ್ದವಾಗುವುದು ತುದಿಯ ಹಿಂದಿನ ಕೆಲವೇ ಮಿಲಿಮೀಟರಿನಲ್ಲಿ. ಅಲ್ಲಿ ಜೀವಕೋಶದ ಗೋಡೆ ಮೆತ್ತಗಿದ್ದು ಹಿಗ್ಗಬೇಕು. ತಾಮ್ರದ ಅಯಾನು ಆ ಗೋಡೆಯ ಪೆಕ್ಟಿನ್ ಎಂಬ ಅಂಟಿಗೆ ಕೂಡಿಕೊಂಡು ಅದನ್ನು ಬಿರುಸು ಮಾಡುತ್ತದೆ. ಕೋಶಪೊರೆ ಸೋರಿ ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ. ತಾಮ್ರ ಎರಡು ರೂಪಗಳ ನಡುವೆ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ಲೋಹವಾದ್ದರಿಂದ ಕೋಶದೊಳಗೆ ಹಾನಿಕರ ಆಮ್ಲಜನಕ ರೂಪಗಳು ಹುಟ್ಟಿ ಪೊರೆಯ ಕೊಬ್ಬನ್ನೇ ಸುಡುತ್ತವೆ. ಗಿಡ ಸುಮ್ಮನಿರುವುದಿಲ್ಲ. ಫೈಟೋಕೆಲಾಟಿನ್, ಮೆಟಲೋಥಯೋನಿನ್ ಎಂಬ ಗಂಧಕಯುಕ್ತ ಅಣುಗಳಿಂದ ತಾಮ್ರವನ್ನು ಕಟ್ಟಿಹಾಕುತ್ತದೆ, ಗೋಡೆಗೆ ಲಿಗ್ನಿನ್ (ಮರಕ್ಕೆ ಗಟ್ಟಿತನ ಕೊಡುವ ವಸ್ತು) ತುಂಬಿ ಗಟ್ಟಿ ಮಾಡಿಕೊಳ್ಳುತ್ತದೆ. ಆ ರಕ್ಷಣೆಯೇ ಬೇರಿನ ಬೆಳವಣಿಗೆಯನ್ನೂ ನಿಲ್ಲಿಸುತ್ತದೆ. ತುದಿಯ ಆಕ್ಸಿನ್ ಎಂಬ ಬೆಳವಣಿಗೆ ಚೋದಕದ ಹಂಚಿಕೆ ಕೆಟ್ಟು ಹಿಂದೆ ಕವಲು ಒಡೆಯುತ್ತದೆ. ಬರೀ ನೀರಿನಲ್ಲಿ ಬೆಳೆಸಿದ ಸಸಿಗಳಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಆಸುಪಾಸಿನ ಬಿಡಿ ತಾಮ್ರವೇ ಬೇರು ಮೊಂಡಾಗಿಸಲು ಸಾಕು. ಮಣ್ಣಲ್ಲಿ ನೂರು ಪಿಪಿಎಂ ಇದ್ದೂ ಗಿಡ ಬದುಕುವುದು ಹ್ಯೂಮಸ್ (ಕೊಳೆತು ಮಣ್ಣಾದ ಸಾವಯವ ಪದಾರ್ಥ) ಅದನ್ನು ಹಿಡಿದಿಟ್ಟಿರುವುದರಿಂದ.

ಎಲೆ ಹಳದಿಯಾಗುವುದೂ ಇದರಿಂದಲೇ. ಮಣ್ಣಲ್ಲಿ ಕಬ್ಬಿಣ ಧಾರಾಳ ಇದ್ದರೂ ತುದಿ, ಬೇರುಗೂದಲು ಇಲ್ಲದ ಬೇರು ಅದನ್ನು ಎಳೆದುಕೊಳ್ಳಲಾರದು, ಒಳಗೆ ತಾಮ್ರ ಅಡ್ಡಗಟ್ಟುತ್ತದೆ. ಎಲೆ ಪರೀಕ್ಷೆ ನಂಬಬೇಡಿ. ತಾಮ್ರ ಬೇರಿನಲ್ಲೇ ಸಿಕ್ಕಿಕೊಂಡಿರುವುದರಿಂದ ಎಲೆಯಲ್ಲಿ ಸಹಜ ಮಟ್ಟವೇ, 5ರಿಂದ 20 ಪಿಪಿಎಂ, ಬರಬಹುದು. ಬೋರ್ಡೋ ಕೂತ ಎಲೆ ಕಳಿಸಿದರೆ ಉಲ್ಟಾ, ಇಲ್ಲದ್ದೂ ಇದ್ದಂತೆ ತೋರುತ್ತದೆ.

ದರಕು ಕೊಳೆಯದೆ ಕೂತಿದೆ ಎಂದಿರಲ್ಲ, ಅಲ್ಲಿ ಎರೆಹುಳು ಹಿಕ್ಕೆ ಇದೆಯಾ ನೋಡಿ. ತಾಮ್ರ ಏರಿದ ಮಣ್ಣನ್ನು ಎರೆಹುಳು ಮೊದಲು ಬಿಟ್ಟು ಹೋಗುತ್ತದೆ. ನಾನು ವರದಿಗಿಂತ ಮೊದಲು ನೋಡುವುದು ಇದನ್ನೇ.

---

ಕೆಮ್ಮಣ್ಣು

ಕಣ್ಣಿಗೆ ಸಿಗದ್ದನ್ನು ಅಲಸಂದೆ ಬೀಜ ಹೇಳುತ್ತದೆ. ಖರ್ಚಿಲ್ಲದ ಪರೀಕ್ಷೆ, ಮನೆಯಲ್ಲೇ ಆಗುತ್ತದೆ.

ಮೆಣಸಿನ ಬುಡದ ಮಣ್ಣು, ಬೆಟ್ಟದ ಮಣ್ಣು ಎರಡನ್ನೂ ನೆರಳಲ್ಲಿ ಒಣಗಿಸಿ ಪ್ಲಾಸ್ಟಿಕ್ ಜರಡಿಯಲ್ಲಿ ಆಡಿಸಿ. ಬೆಟ್ಟದ ಮಣ್ಣನ್ನು ಎರಡು ಪಾಲು ಮಾಡಿ: ಹಾಗೇ ಒಂದು, ಸುಣ್ಣ ಸೇರಿಸಿದ್ದೊಂದು. ಬುಡದ ಮಣ್ಣನ್ನು ನಾಲ್ಕು ಪಾಲು: ಹಾಗೇ ಒಂದು, ಸುಣ್ಣದ್ದೊಂದು, ಜಿಪ್ಸಂ ಹಾಕಿದ್ದೊಂದು, ಚೆನ್ನಾಗಿ ಕಳಿತ ಕಾಂಪೋಸ್ಟ್ ಹಾಕಿದ್ದೊಂದು. ಅಳತೆ ಕಿಲೋ ಮಣ್ಣಿಗೆ: ಅರಳಿದ ಸುಣ್ಣದ ಪುಡಿ ಒಂದೂವರೆ ಗ್ರಾಂ, ಜಿಪ್ಸಂ ಒಂದೂವರೆ ಗ್ರಾಂ, ಕಾಂಪೋಸ್ಟ್ 50 ಗ್ರಾಂ. ನೀರು ಚಿಮುಕಿಸಿ ಹಸಿಯಾಗಿಟ್ಟು ಹತ್ತು ದಿನ ಬಿಡಿ. ಸುಣ್ಣದ ಪಾಲಿನ ಪಿಎಚ್ 5.8ರಿಂದ 6.2ರ ನಡುವೆ ಬಂದಿರಬೇಕು, ಬರದಿದ್ದರೆ ಇನ್ನೊಂದು ಚಿಟಿಕೆ ಹಾಕಿ ನಾಲ್ಕು ದಿನ ಕಾಯಿರಿ. ಈ ಹತ್ತು ದಿನ ಬಿಟ್ಟು ಅವಸರ ಮಾಡಿದರೆ ಹಸಿ ಸುಣ್ಣವೇ ಮೊಳಕೆ ಸುಟ್ಟು ಪರೀಕ್ಷೆ ಹಾಳು.

ಅಲಸಂದೆಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ 2–4 ಮಿ.ಮೀ. ಬಂದಾಗ, ಒಂದೇ ಗಾತ್ರದವನ್ನು ಆರಿಸಿ ಲೋಟಕ್ಕೆ ಐದರಂತೆ, ಪ್ರತಿ ಮಣ್ಣಿಗೆ ಮೂರು ಲೋಟ. ಲೋಟದ ತಳಕ್ಕೆ ತೂತು, ಮಣ್ಣು ಹಿಂಡಿದರೆ ನೀರು ಜಿನುಗದಷ್ಟು ತೇವ. ಐದನೇ ದಿನ ನೀರಲ್ಲಿ ಬಿಡಿಸಿ ಪ್ರತಿ ಸಸಿಯ ಉದ್ದದ ಬೇರನ್ನು ಅಳೆಯಿರಿ. ಗಿಡದ ಎತ್ತರ ನೋಡಬೇಡಿ, ಐದು ದಿನ ಬೀಜದ ಕಸುವಿನಲ್ಲೇ ಅದು ಬೆಳೆದಿರುತ್ತದೆ. ಮೊದಲು ಸುಳಿವು ಕೊಡುವುದು ಬೇರು.

ಓದುವುದು ಹೀಗೆ. ಬೆಟ್ಟದ ಹುಳಿಮಣ್ಣಿನಲ್ಲೂ ಬೇರು ಮೊಂಡಾಗಿ, ಸುಣ್ಣ ಹಾಕಿದ್ದರಲ್ಲಿ ಸರಿಯಾದರೆ, ಬುಡದ ಮಣ್ಣಿನಲ್ಲಿ ಜಿಪ್ಸಂ ಕೂಡ ನೆರವಾದರೆ ಅಲ್ಯೂಮಿನಿಯಂ ಮುಖ್ಯ ಕಾರಣ. ಜಿಪ್ಸಂ ಪಿಎಚ್ ಏರಿಸುವುದಿಲ್ಲ, ಆದರೆ ಅಲ್ಯೂಮಿನಿಯಂನ ಬಿಸಿ ತಗ್ಗಿಸುತ್ತದೆ, ತಾಮ್ರಕ್ಕೆ ಅದು ಅಷ್ಟಾಗಿ ನಾಟುವುದಿಲ್ಲ. ಬೆಟ್ಟದ ಮಣ್ಣಿನಲ್ಲಿ ಬೇರು ಸರಾಗ ಇಳಿದು, ಅದೇ ಪಿಎಚ್‌ನ ಬುಡದ ಮಣ್ಣಿನಲ್ಲಿ ಮೊಂಡಾಗಿ, ಸುಣ್ಣದಿಂದ ಅರೆಬರೆ, ಕಾಂಪೋಸ್ಟಿನಿಂದ ಹೆಚ್ಚು ಸುಧಾರಿಸಿದರೆ ತಾಮ್ರ.

ಇನ್ನೊಂದು ಮಾತು. ಮುಂದಿನ ಸಲ ಮಾದರಿ ತೆಗೆಯುವಾಗ 0–5, 5–15, 15–30 ಎಂದು ಮೂರಾಗಿ ತೆಗೆಯಿರಿ. ದರಕು ಸರಿಸಿ ಮಣ್ಣಿನಿಂದ ಅಳೆಯಿರಿ. ಹಿತ್ತಾಳೆ, ತಾಮ್ರದ ಸಾಮಾನು, ಸತು ಲೇಪದ ಬಕೆಟ್ ತಾಗಿಸಬೇಡಿ. ಔಷಧಿ ತಯಾರಿಸುವ, ಡ್ರಮ್ ತೊಳೆಯುವ ಜಾಗದ ಮಣ್ಣನ್ನು ಬೇರೆಯಾಗಿಯೇ ಕೊಡಿ. ತೋಟದಲ್ಲಿ ಎಲ್ಲಕ್ಕಿಂತ ಕೆಟ್ಟ ಜಾಗ ಅದೇ ಆಗಿರುತ್ತದೆ.

---

ತೋಟದಮನೆ

ಇಬ್ಬರಿಗೂ ಧನ್ಯವಾದ. ಹೇಳಿದ ಹಾಗೇ ಮಾಡಿ ನೋಡಿಯಾಯಿತು. ಬೆಟ್ಟದ ಮಣ್ಣಿನಲ್ಲಿ ಬೇರು ಲೋಟದ ತಳ ಮುಟ್ಟಿತ್ತು, ಬಿಳಿ. ಬುಡದ ಮಣ್ಣಿನಲ್ಲಿ ಅದರ ಮೂರನೇ ಒಂದು ಉದ್ದ, ತುದಿ ಕಪ್ಪು, ಮೋಟು ಕವಲು. ಜಿಪ್ಸಂನಲ್ಲಿ ವ್ಯತ್ಯಾಸವೇ ಇಲ್ಲ ಅನ್ನಬಹುದು. ಸುಣ್ಣದಲ್ಲಿ ಅರ್ಧದಷ್ಟು, ಕಾಂಪೋಸ್ಟಿನಲ್ಲಿ ಮುಕ್ಕಾಲು ಉದ್ದ. ಮೆಣಸಿನ ಬೇರಿನಲ್ಲಿ ಗಂಟು, ಕೊಳೆ ಇಲ್ಲ. ಬುಡದಲ್ಲಿ ಎರೆಹುಳು ಹಿಕ್ಕೆ ಇಲ್ಲ, ಎರಡು ಮಾರು ಆಚೆ ಕಾಲುದಾರಿಯ ಅಂಚಿನಲ್ಲಿ ಇದೆ.

ಈಗ ಏನು ಮಾಡಲಿ? ಲೋಹ ಹೀರುವ ಸಾಸಿವೆ ಬೆಳೆದು ಕಿತ್ತು ಹಾಕಿ ಎಂದು ಒಬ್ಬರು, ಚೀಲೇಟ್ ಸುರಿದು ತಾಮ್ರ ತೊಳೆಯಿರಿ ಎಂದು ಗೊಬ್ಬರದ ಅಂಗಡಿಯಲ್ಲಿ ಇನ್ನೊಬ್ಬರು ಹೇಳಿದರು.

---

ಕೆಮ್ಮಣ್ಣು

ಸಾಸಿವೆಯ ಲೆಕ್ಕ ಮಾಡೋಣ. ಮೇಲ್ಪದರದಲ್ಲಿ ಒಟ್ಟು ತಾಮ್ರ 100 ಪಿಪಿಎಂ ಎಂದರೆ ಎಕರೆಗೆ 80 ಕಿಲೋ. ಬಿಸಿಲಿನ ಹೊಲದಲ್ಲಿ ಸಾಸಿವೆ ಒಂದೂವರೆ ಟನ್ ಒಣಸೊಪ್ಪು ಕೊಟ್ಟು, ಅದರಲ್ಲಿ 30 ಪಿಪಿಎಂ ತಾಮ್ರ ಇದ್ದರೂ ಒಂದು ಬೆಳೆ ಹೊತ್ತೊಯ್ಯುವುದು 45 ಗ್ರಾಂ. ಸಾವಿರದ ಏಳುನೂರಕ್ಕೂ ಹೆಚ್ಚು ಬೆಳೆ ಬೇಕು. ಅಡಿಕೆಯ ನೆರಳಲ್ಲಿ ಅದೂ ಬರುವುದಿಲ್ಲ.

ಚೀಲೇಟ್ ಸುರಿಯುವುದಂತೂ ಖಂಡಿತ ಬೇಡ. ಇಡಿಟಿಎಯಂಥ ಚೀಲೇಟ್, ಲೋಹವನ್ನು ಹಿಡಿದು ನೀರಿನಲ್ಲಿ ಕರಗಿಸುವ ರಾಸಾಯನಿಕ, ತಾಮ್ರವನ್ನು ಹ್ಯೂಮಸ್ಸಿನಿಂದ ಕಿತ್ತು ನೀರಿಗೆ ತರುತ್ತದೆ. ಅದು ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ನಿಮ್ಮದೇ ಬಾವಿಗೆ. ಮೀನು, ಕಪ್ಪೆಮರಿಗಳಿಗೆ ಕರಗಿದ ತಾಮ್ರ ಬಹಳ ಕಡಿಮೆ ಪ್ರಮಾಣದಲ್ಲೇ ಮಾರಕ. ಕಣಿವೆ ತೋಟದಲ್ಲಿ ಇದು ಅನ್ಯಾಯದ ಕೆಲಸ.

ತಾಮ್ರವನ್ನು ಹೊರಗೆ ತೆಗೆಯಲು ಆಗುವುದಿಲ್ಲ, ಮಣ್ಣಲ್ಲೇ ಕಟ್ಟಿಹಾಕಬೇಕು. ಅದಕ್ಕೆ ಇರುವುದು ಸುಣ್ಣ, ಸಾವಯವ ಪದಾರ್ಥ, ಹೊಸ ಮಣ್ಣು.

ಸುಣ್ಣದ ಗುರಿ ಪಿಎಚ್ 6, ಅದಕ್ಕಿಂತ ಹೆಚ್ಚು ಬೇಡ. 6.5 ದಾಟಿದರೆ ನಿಮ್ಮಲ್ಲಿ ಈಗಾಗಲೇ ಅಂಚಿನಲ್ಲಿರುವ ಸತು, ಜತೆಗೆ ಬೋರಾನ್ ಕೈಕೊಡುತ್ತವೆ. ಬುಡದ ಸುತ್ತ 75 ಸೆಂ.ಮೀ. ದೂರದೊಳಗೆ ಮರಕ್ಕೆ ಅಥವಾ ಬಳ್ಳಿಗೆ 500 ಗ್ರಾಂ, ಏಪ್ರಿಲ್-ಮೇ ತಿಂಗಳ ಮೊದಲ ಮಳೆಯ ಹಸಿಯಲ್ಲಿ. ದರಕು ಸರಿಸಿ ಮಣ್ಣಿಗೆ ಉದುರಿಸಿ, ಕೈಗುದ್ದಲಿಯಿಂದ ಎರಡು ಇಂಚು ಮಾತ್ರ ಕೆದಕಿ, ದರಕು ಮತ್ತೆ ಮುಚ್ಚಿ. ದರಕಿನ ಮೇಲೆ ಉದುರಿಸಿದ ಸುಣ್ಣ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಆಳ ಅಗೆದರೆ ಮೇಲಿನ ಬೇರುಗಳೇ ಕಡಿದುಹೋಗುತ್ತವೆ. ಸುಣ್ಣಕ್ಕೂ ಯೂರಿಯಾ-ಸಗಣಿ ಗೊಬ್ಬರಕ್ಕೂ ಮೂರು ನಾಲ್ಕು ವಾರದ ಅಂತರ ಇರಲಿ, ಇಲ್ಲದಿದ್ದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ವರ್ಷ ಬಿಟ್ಟು ಪಿಎಚ್ ನೋಡಿಯೇ ಮುಂದಿನ ಕಂತು.

ಕಾಂಪೋಸ್ಟ್ ಮರಕ್ಕೆ 10–12 ಕಿಲೋ, ಪೂರ್ತಿ ಕಳಿತದ್ದೇ ಆಗಬೇಕು. ಹಸಿ ಗೊಬ್ಬರದಿಂದ ಕರಗುವ ಸಾವಯವ ಆಮ್ಲಗಳು ತಾಮ್ರವನ್ನು ಸ್ವಲ್ಪ ಕಾಲ ನೀರಿನಲ್ಲೇ ತೇಲಿಸುತ್ತವೆ. ಕೊಳ್ಳುವ ಗೊಬ್ಬರದ ಲೋಹದ ವರದಿ ಕೇಳಿ. ನಗರ ಕಾಂಪೋಸ್ಟಿಗೆ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ತಾಮ್ರದ ಮಿತಿ ಕಿಲೋಗೆ 300 ಮಿಲಿಗ್ರಾಂ. ಮಿತಿಯಲ್ಲೇ ಇರುವ ಗೊಬ್ಬರ 10 ಕಿಲೋ ಹಾಕಿದರೂ 3 ಗ್ರಾಂ ತಾಮ್ರ, ಅಂದರೆ ಒಂದು ಮರಕ್ಕೆ ಒಂದು ಸಲ ಬೋರ್ಡೋ ಹೊಡೆದಷ್ಟು. ಕೋಳಿಗೊಬ್ಬರದಲ್ಲೂ ಮೇವಿನ ತಾಮ್ರ ಬಂದಿರುತ್ತದೆ. ಸ್ವಂತ ಕೊಟ್ಟಿಗೆ ಗೊಬ್ಬರವೇ ಮೇಲು.

---

ಬೆಟ್ಟಭೂಮಿ

ಸಸಿಗಳ ವಿಚಾರ ಬೇರೆಯಾಗಿ ಹೇಳುತ್ತೇನೆ. ಹಳೆ ಮರಕ್ಕೆ ಕೆಳಗೂ ಬೇರಿದೆ, ತಡೆದುಕೊಳ್ಳುತ್ತದೆ. ಸಸಿಯ ಬೇರೆಲ್ಲ ಮೊದಲೆರಡು ವರ್ಷ ಇರುವುದು ಆ ತಾಮ್ರದ ಪದರದಲ್ಲೇ. ಗುಂಡಿ ತೆಗೆದು ಮೇಲಿನ ಮಣ್ಣನ್ನೇ ತಳಕ್ಕೆ ತುಂಬುವ ನಮ್ಮ ಪದ್ಧತಿ ಬೇರೆಡೆ ಸರಿ, ಇಲ್ಲಿ ತಾಮ್ರವನ್ನೇ ಬೇರಿಗೆ ಬಡಿಸಿದಂತೆ.

ನೆಡುವ ಜಾಗದಲ್ಲಿ ಒಂದು ಮೀಟರ್ ವೃತ್ತದ ಮೇಲಿನ 15 ಸೆಂ.ಮೀ. ಮಣ್ಣು ಕೆರೆದು ಬದಿಗೆ ಹಾಕಿ, ಕಾಲುದಾರಿಗೆ ಹರಡಿ, ಬಸಿಗಾಲುವೆಗೆ ಮಾತ್ರ ತಳ್ಳಬೇಡಿ. ಆಮೇಲೆ ಎರಡಡಿ ಉದ್ದ, ಅಗಲ, ಆಳದ ಗುಂಡಿ. ತುಂಬಲು ಒಂದಡಿಗಿಂತ ಕೆಳಗಿನ ಮಣ್ಣು ಅಥವಾ ಧರೆಯ (ತೋಟದ ಪಕ್ಕದ ಕಡಿದಾದ ದಿಬ್ಬದ) ಮಣ್ಣು, ಅದಕ್ಕೆ 400 ಗ್ರಾಂ ಸುಣ್ಣ ಬೆರೆಸಿ ಒಂದು ತಿಂಗಳು ಬಿಟ್ಟು, ನೆಡುವಾಗ 10 ಕಿಲೋ ಕಳಿತ ಗೊಬ್ಬರ. ಧರೆಯ ಮಣ್ಣಿನಲ್ಲಿ ತಾಮ್ರ ಇಲ್ಲ ಎಂದು ಸುಣ್ಣ ಬಿಡಬೇಡಿ, ಅಲ್ಲಿ ಅಲ್ಯೂಮಿನಿಯಂ ಕಾಯುತ್ತಿರುತ್ತದೆ.

ಹಿಂದೆ ಕೆಲವು ವರ್ಷಕ್ಕೊಮ್ಮೆ ತೋಟಕ್ಕೆ ಹೊಸ ಮಣ್ಣು ಹಾಕಿಸುತ್ತಿದ್ದರಲ್ಲ, ಕೂಲಿ ದುಬಾರಿಯಾಗಿ ಅದು ನಿಂತೇ ಹೋಗಿದೆ. ತಾಮ್ರದ ಪದರವನ್ನು ಹೂಳಿ ಹೊಸ ಬೇರಿಗೆ ಶುದ್ಧ ಜಾಗ ಕೊಡುತ್ತಿದ್ದದ್ದು ಅದು. ಇಡೀ ತೋಟಕ್ಕೆ ಆಗದಿದ್ದರೂ ಮೆಣಸಿನ ಬುಡಗಳಿಗೆ ಮೂರು ನಾಲ್ಕು ಇಂಚು ಹಾಕಿಸಿ, ನೋಡನೋಡುತ್ತ ಹೊಸ ಬೇರು ಮೇಲಕ್ಕೆ ಬರುತ್ತದೆ. ಕಾಂಡದ ಗಂಟು ಹೂತುಹೋಗುವಷ್ಟು ಬೇಡ, ನೀರು ಬುಡದಲ್ಲಿ ನಿಲ್ಲದಂತೆ ಹೊರಗೆ ಇಳಿಜಾರು ಕೊಡಿ.

ಎಳೆ ಎಲೆಯ ಹಳದಿಗೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿ ಸಂಜೆ ಎಲೆಗೆ ಸಿಂಪಡಿಸಿ. ಹದಿನೈದು ದಿನಕ್ಕೆ ಇನ್ನೊಮ್ಮೆ. ಬೇರು ಸುಧಾರಿಸುವವರೆಗಿನ ಆಸರೆ ಅಷ್ಟೇ.

---

ಕೊಳೆರೋಗ_ಕಾವಲು

ಬೋರ್ಡೋ ಬಿಡಿ ಎಂದು ಯಾರೂ ಹೇಳಬಾರದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರು ಇದನ್ನು ಕೊಳೆರೋಗಕ್ಕೆ ರೂಢಿಗೆ ತಂದದ್ದರಿಂದ ಮಲೆನಾಡಿನ ಎಷ್ಟೋ ತೋಟ ಉಳಿದಿದೆ. ಕೊನೆಗೆ ಬೇಕಾದಷ್ಟು ತಾಮ್ರ ಕೊನೆಗೆ ಹೋಗಲಿ, ಮಣ್ಣಿಗೆ ಹೋಗುವುದನ್ನು ತಪ್ಪಿಸೋಣ.

ಮೊದಲು ನಿಲ್ಲಿಸಬೇಕಾದ್ದು ಮೆಣಸಿನ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಸುರಿಯುವುದು. ಅದರ ಬದಲು ಪೊಟ್ಯಾಸಿಯಂ ಫಾಸ್ಫೊನೇಟ್, ಲೀಟರಿಗೆ 3 ಮಿ.ಲೀ., ಬಳ್ಳಿಗೆ 5 ಲೀಟರ್, ಮುಂಗಾರು ಹಿಡಿಯುವಾಗ ಮತ್ತು ಆಗಸ್ಟಿನಲ್ಲಿ. ಟ್ರೈಕೊಡರ್ಮಾ ಬೆಳೆಸಿದ ಗೊಬ್ಬರ ಕೊಡುವುದಿದ್ದರೂ ತಾಮ್ರ ನಿಂತ ಮೇಲೆಯೇ ಅದಕ್ಕೆ ಬೆಲೆ, ತಾಮ್ರ ಸುರಿದ ಬುಡದಲ್ಲಿ ಆ ಶಿಲೀಂಧ್ರ ಕಷ್ಟಪಡುತ್ತದೆ. ಈಗಾಗಲೇ ಸೊರಗಿದ ಬಳ್ಳಿ ಕಂಡರೆ ಅದಕ್ಕೂ ಸುತ್ತಲಿನವಕ್ಕೂ ಮೆಟಲಾಕ್ಸಿಲ್-ಮ್ಯಾಂಕೊಜೆಬ್, ಲೀಟರಿಗೆ 1.25 ಗ್ರಾಂ. ಇಡೀ ತೋಟಕ್ಕೆ ಅಲ್ಲ.

ಬೋರ್ಡೋ ತಯಾರಿಕೆಯಲ್ಲೇ ತಾಮ್ರ ಪೋಲಾಗುತ್ತದೆ. 1 ಕಿಲೋ ತುತ್ತ 50 ಲೀಟರಿನಲ್ಲಿ, 1 ಕಿಲೋ ಒಳ್ಳೆ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಹೊಯ್ಯುತ್ತ ಕಲಕಬೇಕು. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಗಾಳಿಗೆ ಬಿದ್ದು ಸತ್ತ ಸುಣ್ಣ ಹಾಕಿದರೆ ದ್ರಾವಣ ಹುಳಿಯಾಗಿಯೇ ಉಳಿದು ತಾಮ್ರ ಬಿಡಿಬಿಡಿಯಾಗಿರುತ್ತದೆ. ಅದು ಎಳೆ ಕಾಯಿಯನ್ನು ಸುಟ್ಟು, ಮೊದಲ ಮಳೆಗೇ ತೊಳೆದು ಬುಡಕ್ಕೆ ಬರುತ್ತದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ, ಕೆಂಪು ಲೇಪ ಕೂತರೆ ಇನ್ನೂ ಸುಣ್ಣದ ನೀರು ಬೇಕು. ಪಿಎಚ್ ಕಾಗದ ಇದ್ದರೆ 7 ಅಥವಾ ಸ್ವಲ್ಪ ಮೇಲೆ ಬರುವವರೆಗೆ. ಸರಿಯಾಗಿ ಕೂಡಿದ ದ್ರಾವಣ ಕೊನೆಗೆ ಅಂಟಿ ನಿಲ್ಲುತ್ತದೆ, ಹಾಗಾದರೆ ಮೂರನೇ ಸಲದ ಅಗತ್ಯ ಕಡಿಮೆ. ಮೊದಲನೆಯದು ಮುಂಗಾರು ಹಿಡಿಯುವ ಮೊದಲು, ಎರಡನೆಯದು 40–45 ದಿನಕ್ಕೆ, ಮೂರನೆಯದು ಮಳೆ ನೋಡಿ ಮಾತ್ರ.

ಕೊನೆಗೌಡರಿಗೆ (ಮರ ಹತ್ತಿ ಔಷಧಿ ಹೊಡೆಯುವವರಿಗೆ) ಒಂದು ಮಾತು ಹೇಳಿ: ಕೊನೆಯಿಂದ ತೊಟ್ಟಿಕ್ಕಲು ಶುರುವಾದರೆ ಹೊಡೆದದ್ದು ಸಾಕು, ಮುಂದಿನದೆಲ್ಲ ಮಣ್ಣಿಗೆ. ನಾಜಲ್ ಸವೆದು ಹನಿ ದಪ್ಪವಾಗಿದ್ದರೆ ಬದಲಿಸಿ. ಕೊನೆ ಇಲ್ಲದ ಮರಕ್ಕೆ ಬೇಡ. ಉಳಿದ ದ್ರಾವಣವನ್ನು ಒಂದೇ ಬುಡಕ್ಕೆ ಚೆಲ್ಲದೆ ಇನ್ನು ಕೆಲವು ಮರಗಳಿಗೆ ಹೊಡೆದು ಮುಗಿಸಿ, ಮಾರನೇ ದಿನಕ್ಕೆ ಅದು ಕೆಲಸಕ್ಕೆ ಬಾರದು. ಡ್ರಮ್ ತೊಳೆದ ನೀರನ್ನು ಮರುದಿನದ ಸುಣ್ಣ ಕಲಸಲು ಬಳಸಿ. ಕೈಗೆಟಕುವ ಗಿಡ್ಡ ಮರಗಳಿಗೆ ಕೊಟ್ಟೆ (ಮಳೆ ತಾಗದಂತೆ ಕೊನೆಗೆ ಹೊದಿಕೆ) ಕಟ್ಟಿಸಿದರೆ ಅಷ್ಟು ಮರಗಳ ತಾಮ್ರ ಪೂರ್ತಿ ಉಳಿಯುತ್ತದೆ.

---

ತೋಟದಮನೆ

ಕಾಪರ್ ಆಕ್ಸಿಕ್ಲೋರೈಡ್ ಈ ವರ್ಷವೇ ನಿಲ್ಲಿಸುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ. ಮೆಣಸಿನ ಕಾಳಿಗೆ ಈ ತಾಮ್ರ ಬರುತ್ತದೆಯೇ? ಮತ್ತೆ, ಸರಿಯಾಗುತ್ತಿದೆ ಎಂದು ಗೊತ್ತಾಗುವುದು ಯಾವುದರಿಂದ, ಮತ್ತೆ ಡಿಟಿಪಿಎ ಮಾಡಿಸಲೇ?

---

ಬೇರುಬಿಳಲು

ಮಣ್ಣಿನ ತಾಮ್ರ ಬೇರಿನಲ್ಲೇ ನಿಲ್ಲುವ ಲೋಹ, ಕಾಳಿನ ಬಗ್ಗೆ ಆತಂಕ ಬೇಡ. ಬೋರ್ಡೋ ಹೊಡೆದು ಕೊಯ್ಲಿಗೆ ಮೊದಲು ಬಿಡಬೇಕಾದ ಅಂತರ ಪಾಲಿಸಿದರೆ ಸಾಕು.

ಡಿಟಿಪಿಎ ಅಂಕಿ ಬೇಗ ಇಳಿಯುವುದಿಲ್ಲ, ಇಳಿಯದಿದ್ದರೆ ಧೈರ್ಯಗೆಡಬೇಡಿ. ಡಿಟಿಪಿಎ ಹ್ಯೂಮಸ್ಸಿಗೆ ಅಂಟಿದ ತಾಮ್ರವನ್ನೂ ಕಿತ್ತು ತೋರಿಸುತ್ತದೆ, ಆದರೆ ಬೇರಿಗೆ ತಾಗುವುದು ಬಿಡಿ ತಾಮ್ರ ಮಾತ್ರ. ಪಿಎಚ್ 4.8ರಿಂದ 6ಕ್ಕೆ ಬಂದರೆ ಬಿಡಿ ತಾಮ್ರ ಹಲವು ಪಟ್ಟು ಇಳಿದಿರುತ್ತದೆ, ವರದಿಯಲ್ಲಿ ಮಾತ್ರ ಅದೇ 55–60 ಇರಬಹುದು. ಪ್ರಯೋಗಾಲಯದವರು ಮಾಡಿಕೊಡುವುದಾದರೆ ಕ್ಯಾಲ್ಸಿಯಂ ಕ್ಲೋರೈಡ್ ವಿಧಾನದ ತಾಮ್ರ ಕೇಳಿ, ಅದು ಬೇರು ಕಾಣುವ ತಾಮ್ರಕ್ಕೆ ಹತ್ತಿರ. ಆಗದಿದ್ದರೆ ಅಕ್ಟೋಬರಿನಲ್ಲಿ ಅದೇ ಬುಡಗಳ ಮಣ್ಣಿನಲ್ಲಿ ಅಲಸಂದೆ ಮತ್ತೆ ಹಾಕಿ, ಬೆಟ್ಟದ ಮಣ್ಣನ್ನೂ ಪಕ್ಕಕ್ಕಿಟ್ಟು. ತೋಟದಲ್ಲಿ ನೋಡಬೇಕಾದ್ದು ಹೊಸ ಬೇರಿನ ತುದಿ ಬಿಳಿಯಾಗಿದೆಯೇ, ದರಕಿನಡಿ ಎರೆಹುಳು ಹಿಕ್ಕೆ ಬಂತೇ ಎಂದು. ಹಿಕ್ಕೆ ಕಾಲುದಾರಿಯ ಕಡೆಯಿಂದ ಬುಡದ ಕಡೆಗೆ ಸರಿಯುತ್ತ ಬರುತ್ತದೆ, ಎಲ್ಲಿಯವರೆಗೆ ಬಂದಿದೆ ಎಂದು ಒಂದು ಗೂಟ ಹೊಡೆದು ಗುರುತಿಟ್ಟುಕೊಳ್ಳಿ.